ಮೀಸಲು ತುಪ್ಪ

ಹರಕೆ ಹೊರುವ ಮುಂಚೆ ದೊಡ್ಡಬಸಮ್ಮ ಸೊಸೆಯನ್ನು ಒಮ್ಮೆ ಓರೆಗಣ್ಣಿನಲ್ಲಿ ನೋಡಿದ್ದಳು. ಮಲೆ ಮಹದೇಶ್ವರ ಬೆಟ್ಟದಲ್ಲಿ ಅಮಾವಾಸ್ಯೆಯ ಎಣ್ಣೆಮಜ್ಜನ ಮುಗಿದಿತ್ತು. ಕೊಳ್ಳೇಗಾಲದ, ಹನೂರಿನ ಪರಿಚಯದ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಾಗದ ಸೊಸೆ ಶಿವರತ್ನಮ್ಮ ಪಕ್ಕದಲ್ಲಿ ಕೈಮುಗಿದುಕೊಂಡಿದ್ದಳು. ಆಗ ಅವಳು ಒಣಗಿದ ತೊಗರಿಕಡ್ಡಿಯ ಹಾಗಿದ್ದಳು. ದೊಡ್ಡಬಸಮ್ಮ ಆ ಒಂದೇ ನೋಟದಲ್ಲಿ ಲೆಕ್ಕ ಮುಗಿಸಿ, ಎಲ್ಲರಿಗೂ ಕೇಳುವಂತೆ, "ನನ್ನ ಸೊಸೆ ಮಡ್ಲು ತುಂಬ್ಸಪ್ಪಾ ಮಾದಪ್ಪ, ಅವಳ ತೂಕದ ತುಪ್ಪ ತಂದು ಒಪ್ಪಿಸ್ತೀನಿ" ಅಂದಳು.

ಬೆಲ್ಲವಲ್ಲ, ತೆಂಗಿನಕಾಯಲ್ಲ, ತುಪ್ಪ. ಹೆಂಗಸರು ತಲೆದೂಗಿದರು. ಹನೂರಿನ ಶಂಕರಮ್ಮ, ದೊಡ್ಡಬಸಮ್ಮನ ವಾರಗಿತ್ತಿ, "ಅಕ್ಕನ ಕೈ ದೊಡ್ದು" ಎಂದು ಹೊಗಳಿದಳು. ಕೊಳ್ಳೇಗಾಲದ ಪೇಟೆಬೀದಿಯಲ್ಲಿ ರೇಷ್ಮೆನೂಲಿನ ಅಂಗಡಿ ಇಟ್ಟುಕೊಂಡು, ಸಂತೆಯ ದಿನ ಭಿಕ್ಷುಕರು ಬರುವ ಹೊತ್ತಿಗೆ ಸರಿಯಾಗಿ ಬಾಗಿಲು ಮುಂದಕ್ಕೆಳೆಯುವ ಮನೆತನಕ್ಕೆ ಅಂಥ ಹೊಗಳಿಕೆ ಅಪರೂಪ. ಇಡೀ ವರ್ಷ ದೊಡ್ಡಬಸಮ್ಮ ಅದರಲ್ಲೇ ತೇಲಾಡಿದಳು.

ಮಾದಪ್ಪ ಹರಕೆಯನ್ನು ಕೇಳಿಸಿಕೊಂಡ. ತೂಕದ ವಿಷಯದಲ್ಲಿ ಮಾತ್ರ ದೊಡ್ಡಬಸಮ್ಮನನ್ನು ಒಂದು ಮಾತು ಕೇಳಲಿಲ್ಲ.

ಶಿವರತ್ನಮ್ಮ ತವರಾದ ಮಾಂಬಳ್ಳಿಯಲ್ಲಿ ಗಂಡು ಹೆತ್ತಳು. ಅವಳ ತಾಯಿ ಚನ್ನಾಜಮ್ಮ ಏಳು ವರ್ಷದ ಆಸೆಯನ್ನೆಲ್ಲ ಬಾಣಂತನದಲ್ಲಿ ತೀರಿಸಿಕೊಂಡಳು: ಬೆಳ್ಳುಳ್ಳಿ, ಅಂಟಿನುಂಡೆ, ಕೊಬ್ಬರಿ ಬೆಲ್ಲ, ಅನ್ನ ಕಾಣದಷ್ಟು ತುಪ್ಪ. ಐದನೆಯ ತಿಂಗಳಲ್ಲಿ ಮಗಳು ಗಂಡನ ಮನೆಯ ಹೊಸ್ತಿಲ ಮುಂದೆ ನಿಂತಾಗ ಅವಳ ಬಳೆಗಳು ಕೈಗೆ ಕಚ್ಚಿಕೊಂಡಿದ್ದವು. ಆರತಿ ತಟ್ಟೆ ಹಿಡಿದ ದೊಡ್ಡಬಸಮ್ಮ ಮೊದಲು ನೋಡಿದ್ದು ಮೊಮ್ಮಗನ ಮುಖವನ್ನಲ್ಲ, ಸೊಸೆಯ ತೋಳನ್ನು.

ಅಂದು ಸಂಜೆಯೇ ದೊಡ್ಡಬಸಮ್ಮನ ಮಗ ನಾಗಮಲ್ಲಪ್ಪ ಹೆಂಡತಿಯನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದು, ನೂಲಿನ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದ. "ತಮಾಷೆಗೆ" ಅಂದ. ತೂಕ ನೋಡಿದ ಮೇಲೆ ಅವನ ಮುಖದಲ್ಲಿ ತಮಾಷೆ ಉಳಿಯಲಿಲ್ಲ.

ರಾತ್ರಿಯ ಊಟಕ್ಕೆ ಕೂತಾಗ ದೊಡ್ಡಬಸಮ್ಮ ಮಗನ ಕಿವಿಯ ಹತ್ತಿರ ಬಂದಳು. "ಅರಕೆ ಒತ್ತಾಗ ಇವ್ಳು ಇಷ್ಟಿರ್ನಿಲ್ಲ ಕಣ್ಲಾ."

"ಬೆಲ್ಲಕ್ಕೆ ಬದ್ಲಾಯಿಸ್ಬುಡಣ ಕಣವ್ವ. ದೇವ್ರು ಬ್ಯಾಡ ಅಂದನಾ?"

"ದೇವ್ರು ಅನ್ನಲ್ಲ, ಶಂಕರಮ್ಮ ಅಂತಾಳೆ. ಅನೂರಿಂದ ಇಲ್ಲಿಗಂಟ ಆಡ್ಕಂಡು ನಗ್ತಾಳೆ. ಎಲ್ರೆದುರ್ಗೂ ತುಪ್ಪ ಅಂದ್ಬುಟ್ಟಿವ್ನಿ."

ನಾಗಮಲ್ಲಪ್ಪ ಯೋಚಿಸಿದ. "ತುಪ್ಪ ಇಳ್ಸಂಗಿಲ್ಲ ಅಂದ್ರೆ, ಇವಳ್ನೇ ಇಳಿಸ್ಬೇಕು."

ನಾಗಮಲ್ಲಪ್ಪ ಮೈಸೂರಿನಲ್ಲಿ ಎರಡು ವರ್ಷ ಬಿ.ಎಸ್ಸಿ. ಓದಿ, ಪ್ರಾಣಿಶಾಸ್ತ್ರದಲ್ಲಿ ಡುಮ್ಕಿ ಹೊಡೆದು ಊರಿಗೆ ಮರಳಿದವನು. ಕಪ್ಪೆಯ ಹೊಟ್ಟೆ ಕೊಯ್ದ ನೆನಪಿನ ಮೇಲೆ ಮನುಷ್ಯರ ಮೈಯ ಬಗ್ಗೆ ಯಾವ ಅಭಿಪ್ರಾಯವನ್ನಾದರೂ ಕೊಡಬಲ್ಲೆನೆಂಬ ಧೈರ್ಯ ಅವನಿಗಿತ್ತು. ಮುಂದಿನ ವಾರ ನೂಲಿನ ವ್ಯಾಪಾರಕ್ಕೆ ಮೈಸೂರಿಗೆ ಹೋದಾಗ, ಹಳೆಯ ಪರಿಚಯದ ಡಾಕ್ಟರೊಬ್ಬರ ಎದುರು ಕೂತು, "ಮನೆಯವರಿಗೆ ಬೊಜ್ಜು" ಎಂದ. ಮನೆಯವರನ್ನು ಕರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಲಿಲ್ಲ. ಮಗುವಿಗೆ ಎದೆಹಾಲು ಕುಡಿಸುತ್ತಿದ್ದಾಳೆ ಎಂದು ಇವನೂ ಹೇಳಲಿಲ್ಲ. ಚೀಟಿ ಬರೆಯುವುದಕ್ಕೆ ಬೇಕಾದ ಹೊತ್ತು ಎಲೆಯಡಿಕೆ ಮಡಿಸುವುದಕ್ಕಿಂತ ಕಡಿಮೆ.

"ಸೈಂಟಿಫಿಕ್ಕು" ಎಂದು ನಾಗಮಲ್ಲಪ್ಪ ಗುಳಿಗೆಯ ಸೀಸೆಯನ್ನು ಹೆಂಡತಿಯ ಮುಂದೆ ಇಟ್ಟ. "ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಅಸಿವೇ ಆಗಕಿಲ್ಲ. ಬೆಂಗಳೂರಲ್ಲಿ ದೊಡ್ಡ ದೊಡ್ಡ ಆಫೀಸರ ಎಂಡ್ರೆಲ್ಲ ತಗತಾರೆ."

"ನನಗ್ಯಾಕ್ರೀ? ನಾನೇನು ಆಫೀಸರ ಎಂಡ್ತಿಯಾ?"

"ಬೊಜ್ಜು ಬಂದ್ರೆ ಎದೆಗೆ ಕೆಟ್ಟದ್ದು. ನಿನ್ ಒಳ್ಳೇದಕ್ಕೇ ಏಳದು ನಾನು."

ಒಳ್ಳೆಯದಕ್ಕೆ ಎಂದು ಗಂಡ ಹೇಳಿದ್ದನ್ನು ನುಂಗುವ ಅಭ್ಯಾಸ ಶಿವರತ್ನಮ್ಮನಿಗೆ ಏಳು ವರ್ಷದಿಂದ ಇತ್ತು. ಗುಳಿಗೆಯನ್ನೂ ನುಂಗಿದಳು.

ಹಸಿವು ಹೊಟ್ಟೆಯದೆಂದು ನಾವು ಹೇಳುತ್ತೇವೆ. ಅದನ್ನು ಆಳುವುದು ಮಿದುಳಿನ ಬುಡದಲ್ಲಿರುವ ಒಂದು ಚಿಕ್ಕ ಜಾಗ. ಈ ಗುಳಿಗೆ ಅಲ್ಲಿಗೆ ಹೋಗಿ, ಊಟವಾಯಿತು ಎಂದು ಸುಳ್ಳು ಹೇಳುತ್ತದೆ. ಅಷ್ಟಕ್ಕೇ ಬಿಡುವುದೂ ಇಲ್ಲ. ಬೆನ್ನಟ್ಟಿ ಬರುವ ನಾಯಿಯನ್ನು ಕಂಡ ಮೊಲದ ಮೈಯಲ್ಲಿ ಏನೇನು ನಡೆಯುತ್ತದೋ ಅದನ್ನೆಲ್ಲ ಕೂತಲ್ಲೇ ನಡೆಸುತ್ತದೆ. ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಮೊಲಕ್ಕಾದರೆ ಓಡಿಹೋಗಲು ಪೊದೆಯಿರುತ್ತದೆ. ಶಿವರತ್ನಮ್ಮನಿಗೆ ಅಡುಗೆಮನೆಯಿತ್ತು. ಅವಳು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದಳು. ಉಜ್ಜಿದ್ದನ್ನೇ ಮತ್ತೆ ಉಜ್ಜಿದಳು. ಮೂರು ಜನದ ಬಟ್ಟೆ ಒಬ್ಬಳೇ ಒಗೆದಳು. ಊಟಕ್ಕೆ ಕರೆದರೆ "ಸೇರಾಕಿಲ್ಲ" ಅನ್ನುತ್ತಿದ್ದಳು.

ದೊಡ್ಡಬಸಮ್ಮನಿಗೆ ಎರಡು ಕಡೆಯಿಂದಲೂ ಸಂತೋಷ. ಕೆಲಸದವಳನ್ನು ಬಿಡಿಸಿದಳು. "ಮಾದಪ್ಪನೇ ಉಪಾಸ ಇಡ್ಸವ್ನೆ" ಎಂದು ಪಕ್ಕದ ಮನೆಯವರಿಗೆ ಹೇಳಿದಳು. ಮೈಸೂರಿನ ಸೀಸೆಯನ್ನು ಮಾದಪ್ಪನ ಲೆಕ್ಕಕ್ಕೆ ಬರೆಯುವುದರಲ್ಲಿ ಅವಳಿಗೆ ಏನೂ ಕಷ್ಟವಾಗಲಿಲ್ಲ. ಸೋಮವಾರಕ್ಕೊಮ್ಮೆ ನಾಗಮಲ್ಲಪ್ಪ ಹೆಂಡತಿಯನ್ನು ತಕ್ಕಡಿಗೆ ಹತ್ತಿಸಿ, ಬೊಟ್ಟಿನಿಂದ ಗುಂಡನ್ನು ಹಿಂದಕ್ಕೆ ಸರಿಸಿ, ಪರೀಕ್ಷೆ ಪಾಸಾದವನಂತೆ ನಗುತ್ತಿದ್ದ.

ಇತ್ತ ಹನೂರಿನ ಕಡೆಯ ದನದ ಹಟ್ಟಿಗಳಿಂದ ತುಪ್ಪ ಬರಲು ತೊಡಗಿತ್ತು. ಬಂದ ಡಬ್ಬಕ್ಕೆ ಅರಿಶಿನದ ದಾರ ಸುತ್ತಿ ದೇವರ ಮನೆಯಲ್ಲಿ ಇಡುತ್ತಿದ್ದರು. ಅದು ಮೀಸಲು. ದೇವರಿಗೆ ಒಪ್ಪಿಸುವ ತನಕ ಅದರಿಂದ ಒಂದು ತೊಟ್ಟು ನಾಲಿಗೆಗೆ ಬೀಳಬಾರದು, ಮೂಸಿಯೂ ನೋಡಬಾರದು. ಮನೆಯವರ ಎಂಜಲು ತಾಗಿದರೆ ಇಡೀ ಡಬ್ಬ ದೇವರಿಗೆ ಸಲ್ಲುವುದಿಲ್ಲ. ಮನೆಗೆ ಬಂದ ತುಪ್ಪವೆಲ್ಲ ಹೀಗೆ ಮೀಸಲಾದ್ದರಿಂದ, ಊರಿನಲ್ಲಿ ಯಾವ ಬಡ ಬಾಣಂತಿಗೂ ಸಿಗುವ ಒಂದು ಚಮಚ ತುಪ್ಪ ಈ ಮನೆಯ ಬಾಣಂತಿಗೆ ಸಿಗದೆ ಹೋಯಿತು.

ಮಗು ಮಾದಸ್ವಾಮಿ ಅಳುವುದಕ್ಕೆ ಶುರುಮಾಡಿದ. ಹಾಲು ಸಾಲದು ಎಂದು ಅಳುವುದು ಒಂದು ಬಗೆ. ಇದು ಅದರ ಜೊತೆಗೆ ಇನ್ನೊಂದು. ಮೊಲೆಗೆ ಬಾಯಿಟ್ಟು ನಾಲ್ಕು ಸಲ ಎಳೆದು, ತಲೆ ಹಿಂದಕ್ಕೆ ಚೆಲ್ಲಿ, ಮುಷ್ಟಿ ಬಿಗಿದು ಕಿರುಚುತ್ತಿದ್ದ. ತೊಟ್ಟಿಲಲ್ಲಿ ಹಾಕಿದರೆ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದ. ದೊಡ್ಡಬಸಮ್ಮ ಮೆಣಸಿನಕಾಯಿ ನಿವಾಳಿಸಿದಳು, ಹಣೆಗೆ ಮಾದಪ್ಪನ ವಿಭೂತಿ ಧೂಳ್ತ ಹಚ್ಚಿದಳು, ಕೊನೆಗೆ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಬಾಯಿಗೆ ಹುಯ್ದಳು. ಮಗುವಿಗೆ ಭೇದಿ ಹತ್ತಿತು. ಕೆನ್ನೆ ಇಳಿಯಿತು, ನೆತ್ತಿ ಗುಳಿಬಿತ್ತು. ಶಿವರತ್ನಮ್ಮ ಎದೆಯನ್ನು ಹಿಂಡಿ ನೋಡಿದಳು. ಮಾಂಬಳ್ಳಿಯಲ್ಲಿ ಸೆರಗು ನೆನೆಯುತ್ತಿದ್ದ ಕಡೆ ಈಗ ಬೆರಳು ತೇವವಾಗುವಷ್ಟಿತ್ತು. ಏಳು ವರ್ಷ ಕಾದು ಪಡೆದ ಮಗು ಕಣ್ಣೆದುರಿಗೇ ಕೈತಪ್ಪುತ್ತಿದೆ ಎಂದು ಅವಳಿಗೆ ಅರ್ಥವಾಯಿತು. ಏಕೆಂದು ಅರ್ಥವಾಗಲಿಲ್ಲ.

ಚನ್ನಾಜಮ್ಮ ಮೊಮ್ಮಗನನ್ನು ನೋಡಲೆಂದು ಯಳಂದೂರಿನ ಬಸ್ಸು ಹಿಡಿದು ಬಂದವಳು, ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತಳು.

"ಇದ್ಯಾಕಮ್ಮಿ ಇಂಗಾಗೋಗಿದ್ದಿಯೆ? ನಾನು ಕಳಿಸ್ಕೊಟ್ಟ ಮಗ್ಳೆಲ್ಲಿ?"

"ಚೆನ್ನಾಗೇ ಅವ್ಳೆ ಬೀಗ್ತೀ" ಅಂದಳು ದೊಡ್ಡಬಸಮ್ಮ. "ನೀವು ತುಂಬಿ ಕಳ್ಸಿದ್ರಲ್ಲ, ಮೂಟೇಯ. ಒಸಿ ಇಳಿದವ್ಳೆ."

"ಮೂಟೆ ಇಳಿಸ್ಕಳಕ್ಕೆ ಕೊಟ್ಟಿರ್ನಿಲ್ಲ ಕಣಕ್ಕ ನಾನು. ಮಗೂನೂ ಇಳಿದೋಗದೆಯಲ್ಲ, ಅದ್ಯಾರು ತುಂಬಿ ಕಳ್ಸಿದ್ದು?"

ಅವಳು ನೀರನ್ನೂ ಕುಡಿಯದೆ ಮಗಳು ಮೊಮ್ಮಗನನ್ನು ಹೊರಡಿಸಿಕೊಂಡು ಹೆಂಗಸರ ಡಾಕ್ಟರ ಹತ್ತಿರ ಹೋದಳು. ಡಾಕ್ಟರಮ್ಮ ಮಗುವಿನ ನೆತ್ತಿ ಮುಟ್ಟಿ ನೋಡಿದರು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. ಆಮೇಲೆ ತಾಯಿಯ ನಾಡಿ ಹಿಡಿದರು. ಹಿಡಿದ ಕೈ ಬಿಡದೆ ಕೇಳಿದರು: "ನೀನೇನಾದರೂ ಔಷಧಿ ತಗೋತಿದೀಯಾ?"

ಶಿವರತ್ನಮ್ಮ ಸೆರಗಿನ ಗಂಟಿನಿಂದ ಸೀಸೆ ತೆಗೆದು ಕೊಟ್ಟಳು.

"ಇದನ್ನ ಬರೆದುಕೊಟ್ಟ ಡಾಕ್ಟರು ನಿನ್ನನ್ನ ನೋಡಿದ್ರಾ?"

"ಇಲ್ಲ ಕಣ್ರವ್ವ. ನಮ್ಮನೆಯವ್ರು ಓಗಿ ತಂದ್ರು."

"ಹಾಗಾದರೆ ನಿಮ್ಮನೆಯವರ ಹೊಟ್ಟೆ ನೋಡಿ ಬರೆದಿರಬೇಕು" ಎಂದು ಡಾಕ್ಟರಮ್ಮ ಸೀಸೆಯನ್ನು ತಮ್ಮ ಮೇಜಿನ ಖಾನೆಗೆ ಹಾಕಿದರು. "ನೋಡಮ್ಮ, ನೀನು ನುಂಗಿದ್ದು ಹಾಲಿನಲ್ಲಿ ಮಗುವಿಗೂ ಹೋಗುತ್ತೆ. ನಿನಗೆ ಎದೆ ಹೊಡ್ಕೊಂಡ ಹಾಗೆ ಅದಕ್ಕೂ ಹೊಡ್ಕೊಳುತ್ತೆ. ನಿನಗೆ ನಿದ್ದೆ ಇಲ್ಲ, ಅದಕ್ಕೂ ಇಲ್ಲ. ಇನ್ನು ನೀನು ಉಣ್ಣದೆ ಹಾಲು ಎಲ್ಲಿಂದ ಬರುತ್ತೆ? ಇವತ್ತಿಂದ ಗುಳಿಗೆ ನಿಲ್ಲಿಸು. ಎರಡು ದಿನ ನಾನು ಕೊಡೋ ಪುಡಿಹಾಲು ಕುಡಿಸು, ಕುದಿಸಿ ಆರಿಸಿದ ನೀರಲ್ಲಿ. ಆಮೇಲೆ ಎದೆಗೆ ಹಾಕೋಕೆ ಶುರುಮಾಡು, ಬಿಡಬೇಡ, ಹಾಲು ತಿರುಗುತ್ತೆ. ಚೆನ್ನಾಗಿ ಊಟ ಮಾಡು." ಪುಡಿಹಾಲಿನ ಡಬ್ಬ ಕೈಗಿಡುತ್ತ ಕೇಳಿದರು: "ಹಾಲೂಡುವ ತಾಯಿಗೆ ಇಷ್ಟು ಅರ್ಜೆಂಟಾಗಿ ಬೊಜ್ಜು ಕರಗಿಸಬೇಕು ಅಂತ ಯಾರಿಗೆ ಹೊಳೀತು?"

ಅದೇ ಪ್ರಶ್ನೆಯನ್ನು ಶಿವರತ್ನಮ್ಮ ಮನೆಗೆ ಬಂದು ಅತ್ತೆಯನ್ನು ಕೇಳಿದಳು. ದೊಡ್ಡಬಸಮ್ಮ ಮೊದಲು ಸೀಸೆ ಎಲ್ಲಿ ಅಂದಳು. ಡಾಕ್ಟರಮ್ಮ ಇಟ್ಟುಕೊಂಡರು ಅಂದಾಗ ಅವಳಿಗೆ ಸಿಟ್ಟು ಬಂತು.

"ನಾ ಅರಕೆ ಒತ್ತಾಗ ನೀನು ಎಷ್ಟಿದ್ದೆ? ಮಾದಪ್ಪ ಕೇಳುಸ್ಕಂಡಿದ್ದು ಅವತ್ತಿನ ತೂಕವ. ನಿಮ್ಮವ್ವ ತಿನ್ಸಿ ತಿನ್ಸಿ ಕಳ್ಸುದ್ರೆ ಎಚ್ಚಿನ ತುಪ್ಪಾವ ನಾನು ಎಲ್ಲಿಂದ ತರನೆ?"

ಹೇಳಿದ ಮೇಲೆ ಅವಳಿಗೇ ತಾನು ಹೇಳಿದ್ದು ಕೇಳಿಸಿರಬೇಕು. ತಲೆಯ ಮೇಲೆ ಸೆರಗೆಳೆದುಕೊಂಡಳು. ನಾಗಮಲ್ಲಪ್ಪ ಕ್ಯಾಲೆಂಡರಿನ ಕಡೆ ತಿರುಗಿ, ಬೆಟ್ಟದಲ್ಲಿ ಹರಕೆ ಒಪ್ಪಿಸುವುದಕ್ಕೆ ದೀಪಾವಳಿ ಜಾತ್ರೆ ಎಂದು ಬರುತ್ತದೆಂದು ನೋಡತೊಡಗಿದ.

"ತುಪ್ಪಕ್ಕಾ" ಅಂದಳು ಶಿವರತ್ನಮ್ಮ.

ಗುಳಿಗೆ ಬಿಟ್ಟ ಮೈ ಮೊದಲು ನಿದ್ದೆಯ ಬಾಕಿ ವಸೂಲಿಗೆ ನಿಂತಿತು. ಅವಳು ಬಿದ್ದಲ್ಲೇ ಮಲಗಿದಳು. ಊರಿಗೆ ಮರಳದೆ ಅಲ್ಲೇ ಉಳಿದ ಚನ್ನಾಜಮ್ಮ ಎಬ್ಬಿಸಿ ಎರಡು ತುತ್ತು ತಿನ್ನಿಸಿ ಮತ್ತೆ ಮಲಗಿಸುತ್ತಿದ್ದಳು, ಮಗುವಿಗೆ ತಾನೇ ಪುಡಿಹಾಲು ಹಾಕುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ಶಿವರತ್ನಮ್ಮ ಎದ್ದು ಕೂತಳು. "ಅವ್ವಾ, ಒಟ್ಟೆ ಅಸೀತದೆ" ಅಂದಳು. ಎಷ್ಟೋ ದಿನದಿಂದ ಅವಳು ಮರೆತಿದ್ದ ಮಾತು ಅದು. ಚನ್ನಾಜಮ್ಮ ಆಗತಾನೆ ಇಳಿಸಿದ್ದ ಅನ್ನವನ್ನು ಬಡಿಸಿದಳು.

ಶಿವರತ್ನಮ್ಮ ತಟ್ಟೆ ಹಿಡಿದುಕೊಂಡು ದೇವರ ಮನೆಗೆ ಹೋದಳು. ಮುಂದಿದ್ದ ಡಬ್ಬದ ಅರಿಶಿನದ ದಾರವನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತಳು, ಮುಚ್ಚಳ ಮೀಟಿದಳು. ಸೌಟನ್ನು ಅದ್ದಿ ಅನ್ನದ ಮೇಲೆ ಸುರಿದಳು. ಇನ್ನೊಂದು ಸುರಿದಳು. ಅಲ್ಲೇ ಹೊಸ್ತಿಲ ಮೇಲೆ ಕೂತು ಕಲಸಿ ಉಣ್ಣತೊಡಗಿದಳು.

"ಮೀಸ್ಲು ಕಣೇ ಅದು" ಎಂದು ದೊಡ್ಡಬಸಮ್ಮ ಓಡಿ ಬಂದಳು. "ಮಾದಪ್ಪನ ತುಪ್ಪಕ್ಕೆ ಎಂಜ್ಲು ಮಾಡ್ಬುಟ್ಟಲ್ಲೆ."

ಶಿವರತ್ನಮ್ಮ ಬಾಯಲ್ಲಿದ್ದುದನ್ನು ನುಂಗಿದಳು. "ಮಗ ಯಾರು ಕೊಟ್ಟಿದ್ದು ಅತ್ತೆ?"

"ಮಾದಪ್ಪ."

"ಅವ್ನು ಕೊಟ್ಟ ಮಗೀಗೇ ಉಣ್ಣುಸ್ತಾ ಇವ್ನಿ. ಸುಮ್ನಿರಿ."

ನಾಗಮಲ್ಲಪ್ಪ ಅಂಗಡಿಯಿಂದ ಬಂದು ಸಂಗತಿ ತಿಳಿದು, ತೆರೆದ ಡಬ್ಬವನ್ನು ಬಗ್ಗಿ ನೋಡಿದ. ವಿಜ್ಞಾನ ಅವನನ್ನು ಆಗಲೂ ಕೈಬಿಡಲಿಲ್ಲ. "ಇದು ಎಂಗೂ ದೇವ್ರಿಗೆ ಆಗಾಕಿಲ್ಲ" ಅಂದ, "ಮನೇಗೇ ಬಳಸ್ಕಬೋದು."

"ಬ್ಯಾಡಿ ಅಳಿಯಂದ್ರೇ, ನೀವು ಮುಟ್ಬ್ಯಾಡಿ" ಅಂದಳು ಚನ್ನಾಜಮ್ಮ. "ಬೊಜ್ಜು ಬಂದು ಎದೆಗೆ ಕೆಟ್ಟದ್ದಾಯ್ತದೆ. ನಿಮ್ಮ ಸೀಸೆ ಡಾಕ್ಟ್ರಮ್ಮನ ತಾವ್ಲೇ ಅದೆ, ಬೇಕಾರೆ ಈಸ್ಕಂಡು ಬನ್ನಿ."

ಆ ದಿನದಿಂದ ಶಿವರತ್ನಮ್ಮ ಹೊತ್ತು ಹೊತ್ತಿಗೆ ಆ ಡಬ್ಬದಿಂದಲೇ ಬಡಿಸಿಕೊಂಡಳು. ಸೌಟು ಒಳಗಿಳಿದಾಗಲೆಲ್ಲ ದೊಡ್ಡಬಸಮ್ಮನ ಕಣ್ಣು ಅದರ ಹಿಂದೆ ಹೋಗಿ, ಅಲ್ಲಿಂದ ಸೊಸೆಯ ತೋಳಿಗೆ ಬರುತ್ತಿತ್ತು. ಡಬ್ಬದಲ್ಲಿ ಕಡಿಮೆಯಾದದ್ದೂ ತಾನೇ ತುಂಬಬೇಕು, ಮೈಯಲ್ಲಿ ಹೆಚ್ಚಾದದ್ದೂ ತಾನೇ ತೂಗಬೇಕು; ಇಂಥ ನಷ್ಟವನ್ನು ಆ ಮನೆ ಕಂಡಿರಲಿಲ್ಲ. ಬಾಯಿ ಬಿಟ್ಟು ಬೈಯುವ ಹಾಗೂ ಇರಲಿಲ್ಲ. ಬೈದರೆ ಚನ್ನಾಜಮ್ಮ ಸೀದಾ ಹನೂರಿನ ಬಸ್ಸು ಹತ್ತಿ ಶಂಕರಮ್ಮನ ಮನೆಗೆ ಹೋಗುತ್ತೇನೆಂದು ಹೇಳಿಟ್ಟಿದ್ದಳು.

ಮಗುವನ್ನು ಎದೆಗೆ ಹಾಕಿದಾಗ ಮೊದಮೊದಲು ಅದು ನಂಬಲಿಲ್ಲ. ಎಳೆಯುವುದು, ಬಿಡುವುದು, ಅಳುವುದು. ಶಿವರತ್ನಮ್ಮ ಮತ್ತೆ ಮತ್ತೆ ಹಾಕಿದಳು. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಮಾದಸ್ವಾಮಿ ಬಾಯಿ ಬಿಡದೆ ಎಳೆದ. ಗಂಟಲಿನಲ್ಲಿ ಗುಟುಕು ಇಳಿಯುವ ಸದ್ದು ಕೇಳಿತು. ಇನ್ನೊಂದು ಮೊಲೆಯಿಂದ ಹಾಲು ತಾನಾಗಿ ತೊಟ್ಟಿಕ್ಕಿ ಸೆರಗು ನೆನೆಯಿತು. ಕುಡಿದು ಕುಡಿದು ಅವನು ಅಲ್ಲೇ ನಿದ್ದೆ ಹೋದ.

ನಾಗಮಲ್ಲಪ್ಪ ಬಾಗಿಲ ಹತ್ತಿರ ಸುಳಿದಾಡುತ್ತಿದ್ದ. "ದೀಪಾವಳಿಗೆ ಬೆಟ್ಟಕ್ಕೆ ಒಂಟೋಗಣ್ವಾ?" ಎಂದು ಕೇಳಿದ. ತಡವಾದಷ್ಟೂ ತೂಕ ಏರುತ್ತದೆ ಎಂಬ ಗಣಿತ ಅವನಿಗೆ ತಿಳಿದಿತ್ತು.

ಶಿವರತ್ನಮ್ಮ ಮಗುವಿನ ಬಾಯೊರೆಸಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತಕ್ಕಡಿಯ ಮೇಲೆ ಅವನು ತನ್ನನ್ನು ನೋಡುತ್ತಿದ್ದ ಹಾಗೆಯೇ.

"ಶಿವರಾತ್ರಿಗೆ ಓಗಣ" ಅಂದಳು. "ಅಷ್ಟೊತ್ಗೆ ನಂಗೂ ಮೈ ಕೂಡ್ಕತದೆ. ಅತ್ತೆಗೆ ಏಳಿ, ಅನೂರ್ಗೆ ಇನ್ನೂ ತುಪ್ಪಕ್ಕೆ ಏಳಿ ಕಳಿಸ್ಲಿ."