ಬಾಯ್ಲರ್ ಕೋಣೆಯ ಕುರ್ಚಿ

"ಅಪ್ಪ, ಆ ಕಡೆ ಸ್ವಲ್ಪ ಹಿಡೀರಿ, ಮೇಲಕ್ಕೆ ತರೋಣ," ಎಂದು ಎಬ್ಬಾ ನೆಲಮಾಳಿಗೆಯ ಮೆಟ್ಟಿಲ ಬುಡದಿಂದ ಏದುಸಿರು ಬಿಡುತ್ತ ಕರೆದಳು. ಅವಳು ಎತ್ತಲು ಹೆಣಗುತ್ತಿದ್ದದ್ದು ತಾಯಿಯ ಹಳೆಯ ಕುರ್ಚಿ. ಕೆಂಪು ಮಖಮಲ್ಲು, ದಪ್ಪ ಸ್ಪ್ರಿಂಗು, ತೋಳಿಗೆ ಕುಚ್ಚು. ತಾಯಿ ಥೂರಾ ಆಗಲೇ ಚರ್ಚಿನಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದಳು. ಹನ್ನೊಂದಕ್ಕೆ ಪ್ರಾರ್ಥನೆ, ಆಮೇಲೆ ಮಣ್ಣು.

ಅಪ್ಪ ಪ್ರೆಬೆನ್ ಕೈ ಹಾಕಲಿಲ್ಲ. ಕೋಪನ್‌ಹೇಗನ್ನಿನ ದೊಡ್ಡವರೆಲ್ಲ ಮನೆ ಕಟ್ಟಿಸಿಕೊಳ್ಳಲು ಸಾಲುಗಟ್ಟುತ್ತಿದ್ದ ವಾಸ್ತುಶಿಲ್ಪಿ ಆತ.

"ಇವತ್ತು ಕಲಾ ಅಕಾಡೆಮಿಯವರು ಬರ್ತಾರೆ. ಇದನ್ನ ಹಾಲ್‌ನಲ್ಲಿಟ್ರೆ ನಗ್ತಾರೆ."

"ಅಮ್ಮ ಕೇಳಿದ್ದು ಇದೊಂದೇ. ನನ್ನ ಮಣ್ಣಿನ ದಿನ ಜನ ಕಾಫಿ ಕುಡಿಯೋವಾಗ ನನ್ನ ಕುರ್ಚಿ ಹಾಲಲ್ಲಿರ್ಲಿ ಅಂದ್ಲು. ಒಂದೇ ದಿನ, ಅಪ್ಪ."

ಥೂರಾಳ ತಂಗಿ ಆಸ್ಟಾ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದಳು. "ಸತ್ತವಳ ಹತ್ರಾನೂ ಹಟಾನಾ ಭಾವ? ನೀವು ಮಾಡಿದ ಕುರ್ಚಿಗಳಲ್ಲಿ ಅಕ್ಕನಿಗೆ ಒಂದಿನಾನೂ ಬೆನ್ನು ಒರಗಿಸೋಕಾಗ್ಲಿಲ್ಲ."

"ಸರಿ, ನೀವಿಬ್ರೂ ಹೊರಡಿ. ನಾನು ನೋಡ್ಕೋತೀನಿ," ಎಂದ ಪ್ರೆಬೆನ್.

ಎಬ್ಬಾ ನಂಬಿದಳು. ಅಪ್ಪನಲ್ಲವೇ.

*

೧೯೩೪ರಲ್ಲಿ ಮನೆ ಮುಗಿದಾಗ ಪತ್ರಿಕೆಯ ಫೋಟೋದವರು ಬಂದಿದ್ದರು. ಚಪ್ಪಟೆ ಚಾವಣಿ, ಗೋಡೆಯಷ್ಟಗಲ ಕಿಟಕಿ, ಅದರಾಚೆ ಸಮುದ್ರ. ಥೂರಾ ತವರಿನಿಂದ ತಂದದ್ದು ಆ ಕುರ್ಚಿಯೊಂದೇ.

"ಈ ಡೊಳ್ಳು ಕುರ್ಚೀನ ಕೆಳಗಿಡು. ಫೋಟೋ ಮುಗಿಯೋವರೆಗೂ ಅಷ್ಟೇ," ಎಂದಿದ್ದ ಪ್ರೆಬೆನ್.

ಫೋಟೋ ಮುಗಿಯಿತು. ಆಮೇಲೆ ಜರ್ಮನಿಯವರು ಬರುವವರಿದ್ದರು, ಆಮೇಲೆ ಇನ್ಯಾರೋ. ಹೀಗೆ ಇಪ್ಪತ್ತೇಳು ವರ್ಷ. ಥೂರಾ ಜಗಳವಾಡಲಿಲ್ಲ. ಕುರ್ಚಿ ಹೋದಲ್ಲಿಗೆ ತಾನೂ ಹೋದಳು. ಬಾಯ್ಲರಿಗೆ ಕಲ್ಲಿದ್ದಲು ಹಾಕಿ, ಅದರ ಪಕ್ಕದಲ್ಲೇ ಕೂತು ಸ್ವೆಟರ್ ಹೆಣೆದಳು, ಪೇಪರ್ ಓದಿದಳು, ಅಲ್ಲೇ ಊಟ ಮಾಡಿದಳು. ಆ ಮನೆಯ ಫೋಟೋಗಳು ಮೂರು ದೇಶಗಳಲ್ಲಿ ಅಚ್ಚಾದವು. ಒಂದರಲ್ಲೂ ಅವಳಿಲ್ಲ. ಮನುಷ್ಯರು ನಿಂತರೆ ಕೋಣೆಯ ಅಂದ ಕೆಡುತ್ತದೆಂದು ಗಂಡನಿಗೆ ಅನ್ನಿಸುತ್ತಿತ್ತು.

*

ಚರ್ಚಿಗೆ ಪ್ರೆಬೆನ್ ತಡವಾಗಿ ಬಂದ. ಮುಂದಿನ ಸಾಲಿನಲ್ಲಿ ಕೂತು ಅತ್ತ. ಅಳು ನಿಜವಾದದ್ದೇ.

ಮಣ್ಣು ಮುಗಿಸಿ ಎಲ್ಲರೂ ಕಾಫಿಗೆ ಮನೆಗೆ ಬಂದರು.

"ಅಬ್ಬ, ಎಷ್ಟು ಬೆಚ್ಚಗಿದೆ!" ಅಕಾಡೆಮಿಯ ಮುದುಕನೊಬ್ಬ ಕೈ ಉಜ್ಜಿಕೊಂಡ. "ಫೆಬ್ರವರೀಲಿ ನಿಮ್ಮನೇಲಿ ನಾನು ಕೋಟು ತೆಗೆದಿದ್ದು ಇದೇ ಮೊದಲು ಮಾರಾಯ."

ಎಬ್ಬಾ ಹಾಲ್ ತುಂಬ ಕಣ್ಣಾಡಿಸಿದಳು. ಸಣ್ಣ ಕಾಲಿನ ಹದಿನಾಲ್ಕು ಕುರ್ಚಿಗಳಿದ್ದವು. ಕೆಂಪು ಎಲ್ಲೂ ಕಾಣಲಿಲ್ಲ.

ಅವಳು ಕೆಳಗಿಳಿದಳು. ಬಾಯ್ಲರಿನ ಪಕ್ಕ ಕೊಡಲಿ ಒರಗಿತ್ತು, ನೆಲದ ಮೇಲೆ ಒಂದಿಷ್ಟು ಮಖಮಲ್ಲಿನ ಚೂರು. ಬಾಯ್ಲರಿನ ಬಾಗಿಲು ತೆರೆದರೆ ಒಳಗೆ ಸ್ಪ್ರಿಂಗುಗಳು ಕೆಂಪಗೆ ಕಾದಿದ್ದವು. ಇಕ್ಕಳದಿಂದ ಒಂದೊಂದನ್ನೇ ಎಳೆದು ಬೂದಿಯ ತಟ್ಟೆಗೆ ಹಾಕಿದಳು. ಗೋಣಿಬಟ್ಟೆಯಲ್ಲಿ ಹಿಡಿದು ಮೇಲೆ ತಂದು, ಹಾಲ್‌ನ ನಡುವಿನ ತೇಗದ ಮೇಜಿನ ಮೇಲೆ ಇಟ್ಟಳು.

ಆಸ್ಟಾಳಿಗೆ ಅರ್ಥವಾಯಿತು, ಬಾಯಿಗೆ ಕೈ ಅಡ್ಡ ಹಿಡಿದಳು.

ಪ್ರೆಬೆನ್ ಎದ್ದು ನಿಂತ. ಹೆಂಡತಿಯ ಬಗ್ಗೆ ಈಗ ಏನೋ ಹೇಳುತ್ತಾನೆಂದು ಎಲ್ಲರೂ ಅವನ ಮುಖ ನೋಡಿದರು.

"ತಟ್ಟೆ ಕೆಳಗೆ ಏನಾದ್ರೂ ಇಡು ಎಬ್ಬಾ," ಎಂದ. "ಮೇಜು ಸುಟ್ಟೋಗುತ್ತೆ."

ಎಬ್ಬಾ ತಟ್ಟೆಯ ಎರಡೂ ಅಂಚುಗಳನ್ನು ಗೋಣಿಬಟ್ಟೆಯಿಂದ ಮೇಜಿಗೆ ಅದುಮಿ ಹಿಡಿದಳು. ಕಾಫಿ ಕಪ್ಪುಗಳ ನಡುವಿನಿಂದ ಹೊಗೆ ಏಳತೊಡಗಿತು.