ತೀರ್ಥಮ್ಮನ ಹೆಸರಿದ್ದ ಹೆಡ್ಡು

ಕಡೂರಿನ ವಿಶ್ವಾರಾಧ್ಯನ ಗ್ಯಾರೇಜಿನಲ್ಲಿ ಓಮ್ನಿ ಬಿಟ್ಟು ಬರುವಾಗ ಸಂಗೀತಾ ಕೇಳಿದ್ದು ಒಂದೇ ಮಾತು: ಶಾಲೆ ಬಾಗಿಲು ತೆಗೆಯುವ ದಿನಕ್ಕೆ ಗಾಡಿ ಓಡುತ್ತದೋ ಇಲ್ಲವೋ. ಅವನು ಅವಳ ಕಡೆ ತಿರುಗಲೂ ಇಲ್ಲ. ಪಕ್ಕದಲ್ಲಿದ್ದ ಅವಳ ಗಂಡ ಶಿವಪ್ರಸಾದನ ಭುಜ ತಟ್ಟಿ, "ಯೋಚ್ನೆ ಬಿಡಿ ಸ್ವಾಮಿ, ನಮ್ಮನೆ ಗಾಡಿ ಅಂದ್ಕೊಂಡೇ ಮಾಡ್ತೀನಿ" ಎಂದ.

ಶಿವಪ್ರಸಾದ ಅಜ್ಜಂಪುರದ ಮಂಡಿಯೊಂದರಲ್ಲಿ ತೂಕ ನೋಡುವವನು. ಇಂಜಿನ್ನಿಗೆ ಬಾಯಿ ಯಾವುದು ಬಾಲ ಯಾವುದು ಎಂದು ಅವನಿಗೆ ತಿಳಿಯದು. ಗಾಡಿ ಓಡಿಸುವವಳು ಸಂಗೀತಾ. ಊರಾಚೆಯ ಹಟ್ಟಿಗಳಿಂದ, ಹೊಲದ ಮನೆಗಳಿಂದ ಮಕ್ಕಳನ್ನು ಹತ್ತಿಸಿಕೊಂಡು ಬೆಳಗ್ಗೆ ಶಾಲೆಗೆ ಬಿಟ್ಟು, ಸಂಜೆ ಮತ್ತೆ ಅವರವರ ಬಾಗಿಲಲ್ಲಿ ಇಳಿಸುವುದು ಅವಳ ಕೆಲಸ. ಹೋದ ವರ್ಷ ಅವಳಿಗೆ ಜ್ವರ ಬಂದು ಗಾಡಿ ನಿಂತಾಗ ಹಟ್ಟಿಯ ಇಬ್ಬರು ಹುಡುಗಿಯರು ಮನೆಯಲ್ಲೇ ಕುಳಿತರು; ಮತ್ತೆ ಅವರನ್ನು ಶಾಲೆಗೆ ಎಳೆದು ತರುವಷ್ಟರಲ್ಲಿ ಸಾಕುಸಾಕಾಗಿತ್ತು. ಈ ಸಲ ಮೊದಲ ದಿನವೇ ಗಾಡಿ ಹೋಗದಿದ್ದರೆ ಉಳಿದವರು ಬೇರೆ ವ್ಯಾನು ನೋಡಿಕೊಳ್ಳುತ್ತಾರೆ, ಆ ಇಬ್ಬರು ಮಾತ್ರ ಒಲೆಯ ಮುಂದೆ ಕೂರುತ್ತಾರೆ. ಅದು ಅವಳಿಗೆ ಗೊತ್ತಿತ್ತು.

ಬೇಸಿಗೆ ರಜೆಯಲ್ಲಿ ರೇಡಿಯೇಟರಿನ ಪೈಪು ಒಡೆದು, ಇಂಜಿನ್ ಕಾದು, ಹಿಂದಿನಿಂದ ಬಿಳಿ ಹೊಗೆ ಬಂದಿತ್ತು. ಇಂಜಿನ್ನಿನ ಮೇಲುಭಾಗ, ಅಂದರೆ ಹೆಡ್ಡು, ಕಾವಿಗೆ ಸೊಟ್ಟಗಾಗಿರಬೇಕು, ಲೇತಿಗೆ ಕೊಟ್ಟು ಸಮ ಮಾಡಿಸಬೇಕು ಎಂದರು ಎಲ್ಲರೂ. ಯಾರ ಕೈಗೆ ಕೊಡುವುದು ಎಂದರೆ ಒಬ್ಬೊಬ್ಬರ ಬಾಯಲ್ಲೂ ಮೋಸಹೋದ ಒಂದೊಂದು ಕಥೆ. ಕೊನೆಗೆ ವಿಶ್ವಾರಾಧ್ಯನ ಹೆಸರು ಹೇಳಿದ್ದು ಅತ್ತೆ ತೀರ್ಥಮ್ಮ. ಅಮಾವಾಸ್ಯೆಯ ದಿನ ಮಠದ ದಾಸೋಹದಲ್ಲಿ ಸೊಂಟಕ್ಕೆ ಟವಲು ಬಿಗಿದು ಪಾಯಸ ಬಡಿಸುವವನು. ಬೇಡವೆಂದರೂ ಇನ್ನೊಂದು ಸೌಟು ಹಾಕುವವನು. ಅಂಥವನು ಗಾಡಿಯಲ್ಲಿ ಮೋಸ ಮಾಡುತ್ತಾನೆಯೇ?

ಅಲ್ಲೇ ಆದದ್ದು ತಪ್ಪು. ಬೇರೆಯವರ ಗ್ಯಾರೇಜಾಗಿದ್ದರೆ ಎದುರಿಗೆ ನಿಂತು ಬಿಚ್ಚಿಸುತ್ತಿದ್ದರು, ಹಳೇ ಸಾಮಾನು ಕೇಳುತ್ತಿದ್ದರು, ಬಿಲ್ಲು ಬರೆಸುತ್ತಿದ್ದರು. ನಮ್ಮ ಮಠದವನು ಎಂದ ಮೇಲೆ ಇದೆಲ್ಲ ಕೇಳುವುದು ಅವನ ಹಣೆಯ ವಿಭೂತಿಗೇ ಅವಮಾನ ಮಾಡಿದ ಹಾಗೆ. ಬಿಚ್ಚುವಾಗ ತಾನೂ ಇರುತ್ತೇನೆಂದು ಸಂಗೀತಾ ಬಾಯಿ ತೆರೆದದ್ದಕ್ಕೆ ಶಿವಪ್ರಸಾದ ಅವಳ ಕೈ ಅದುಮಿ ಸುಮ್ಮನಾಗಿಸಿದ್ದ.

ಗಾಡಿ ಬಂತು. ಕೆಲವು ದಿನ ಚೆನ್ನಾಗಿಯೇ ಓಡಿತು. ಆಮೇಲೆ ಮತ್ತೆ ಕಾವಿನ ಮುಳ್ಳು ಮೇಲೇರಿತು, ನೀರು ಎಲ್ಲಿ ಹೋಗುತ್ತಿದೆಯೋ ತಿಳಿಯದಂತೆ ಇಂಗತೊಡಗಿತು. ಸಂಗೀತಾ ಒಬ್ಬಳೇ ಕಡೂರಿಗೆ ಒಯ್ದಳು. ವಿಶ್ವಾರಾಧ್ಯ ಬಾನೆಟ್ಟನ್ನೂ ಎತ್ತಲಿಲ್ಲ, ಸೀಟನ್ನೂ ಎತ್ತಲಿಲ್ಲ. ಹೆಂಗಸರು ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾರೆ, ಅದಕ್ಕೇ ಇಂಜಿನ್ ಕಾಯುವುದು ಎಂದು ನಕ್ಕ. "ಯಜಮಾನ್ರನ್ನ ಕಳ್ಸಿ ತಾಯಿ, ನಾನು ಅವ್ರ ಹತ್ರ ಮಾತಾಡ್ತೀನಿ."

ಬರುವಾಗ ದಾರಿಯುದ್ದಕ್ಕೂ ಅವಳ ಕಿವಿ ಬಿಸಿಯಾಗಿಯೇ ಇತ್ತು. ಅಜ್ಜಂಪುರದ ಬಸ್ ಸ್ಟ್ಯಾಂಡಿನ ಡ್ರೈವರುಗಳನ್ನು ಕೇಳಿದಳು. ತರೀಕೆರೆಯ ಓಂಕಾರಮೂರ್ತಿಯ ಹತ್ತಿರ ಹೋಗಿ, ಆದರೆ ಬೈಸಿಕೊಳ್ಳಲು ತಯಾರಾಗಿ ಹೋಗಿ ಎಂದರು. ಮಾರನೆಯ ದಿನ ಕ್ಯಾನುಗಳಲ್ಲಿ ನೀರು ತುಂಬಿಕೊಂಡು, ಅಲ್ಲಲ್ಲಿ ನಿಲ್ಲಿಸಿ, ತಣಿಸಿ, ಕುಡಿಸಿ, ಕಾಯಿಲೆಯ ಎಮ್ಮೆಯನ್ನು ಹೊಡೆದುಕೊಂಡು ಹೋದ ಹಾಗೆ ಗಾಡಿಯನ್ನು ತರೀಕೆರೆ ಮುಟ್ಟಿಸಿದಳು.

ಓಂಕಾರಮೂರ್ತಿ ಮೊದಲು ಬೈದದ್ದು ಕಾದ ಇಂಜಿನ್ ಓಡಿಸಿಕೊಂಡು ಬಂದದ್ದಕ್ಕೆ. ಎರಡನೆಯ ಸಲ ಬೈದದ್ದು ಅವಳು ಅಂಗಡಿಯಿಂದ ಆಚೆ ಹೊರಟದ್ದಕ್ಕೆ.

"ಎಲ್ಲಿಗಮ್ಮ? ಕೂತ್ಕೋ ಇಲ್ಲಿ. ನೀನೆದ್ದು ಹೋದ್ರೆ ನಾನೂ ಸ್ಪ್ಯಾನರ್ ಕೆಳಗಿಡ್ತೀನಿ. ಯಾರದೇ ಹೆಡ್ಡಾಗ್ಲಿ, ಅವ್ರು ಎದ್ರಿಗೆ ಇಲ್ದೆ ಬಿಚ್ಚಲ್ಲ ನಾನು. ಆಮೇಲೆ ಬದಲಾಯ್ಸ್ಬಿಟ್ಟ ಅಂತ ಬರ್ಬಾರ್ದು."

ಅವಳು ಕುಳಿತಳು. ಹೆಡ್ಡು ಈಚೆ ಬಂತು. ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಆಮೇಲೆ ಬೆರಳಿಟ್ಟು ತೋರಿಸಿದ: ಬಿರುಕು, ಬಿರುಕಿನ ಮೇಲೆ ಬೆಸುಗೆ, ಆ ಬೆಸುಗೆಯೂ ಬಿಟ್ಟುಕೊಳ್ಳತೊಡಗಿತ್ತು. ಇದನ್ನು ಯಾವ ಗುಜರಿಯಿಂದ ತಂದೆ ಎಂದು ಕೇಳಿದ.

ಸಂಗೀತಾ ಬಟ್ಟೆ ಇಸಿದುಕೊಂಡು ಹೆಡ್ಡಿನ ಒಂದು ಪಕ್ಕವನ್ನು ಒರೆಸಿದಳು. ಮತ್ತೆ ಒರೆಸಿದಳು. ಹೆಸರಿರಲಿಲ್ಲ.

ಗಾಡಿ ಕೊಂಡ ವರ್ಷ, ಪಾತ್ರೆಗಳಿಗೆ ಹೆಸರು ಕೊರೆಯುವವನೊಬ್ಬ ಗರ್ರೆನ್ನುವ ಮಿಷನ್ನು ಹಿಡಿದು ಬೀದಿಗೆ ಬಂದಿದ್ದ. ಮದುವೆಗೆ, ಮಠಕ್ಕೆ ಎರವಲು ಕೊಟ್ಟ ಕೊಳಗ, ಹರಿವಾಣ ಅದಲುಬದಲಾಗಿ ಬಂದು ತೀರ್ಥಮ್ಮನಿಗೆ ರೋಸಿಹೋಗಿತ್ತು. ಅಡುಗೆಮನೆಯ ಪಾತ್ರೆಯೆಲ್ಲ ಮುಗಿಸಿ, ಟಾರ್ಚಿಗೂ ಹಾಕಿಸಿ, ಕೈ ನಿಲ್ಲದೆ ಓಮ್ನಿಯ ಮುಂದಿನ ಸೀಟು ಎತ್ತಿಸಿ ಇಂಜಿನ್ನಿನ ಹೆಡ್ಡಿನ ಮೇಲೂ "ತೀರ್ಥಮ್ಮ, ಅಜ್ಜಂಪುರ" ಎಂದು ಕೊರೆಸಿದ್ದಳು. ಇಂಜಿನ್ನನ್ನೂ ದಾಸೋಹಕ್ಕೆ ಕೊಡುತ್ತೀಯೇನಮ್ಮ ಎಂದು ಮಗ ಹೊಟ್ಟೆ ಹಿಡಿದು ನಕ್ಕಿದ್ದ.

ಮನೆಗೆ ಬಂದು ಹೇಳಿದಾಗ ತೀರ್ಥಮ್ಮ ನಂಬಲಿಲ್ಲ. ಎಣ್ಣೆಜಿಡ್ಡು ಮೆತ್ತಿಕೊಂಡಿರುತ್ತದೆ, ಸರಿಯಾಗಿ ಒರೆಸಿಲ್ಲ ನೀನು ಎಂದಳು. ಸಂಗೀತಾ ಫೋನಿನಲ್ಲಿ ತೆಗೆದ ಫೋಟೋ ತೋರಿಸಿದಳು. ಆಮೇಲೆ ಮುದುಕಿ ಊಟಕ್ಕೂ ಏಳಲಿಲ್ಲ. ಬೆಳಗ್ಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಶಿವಪ್ರಸಾದ ಗೋಗರೆದ: ಹೋಗಲಿ ಬಿಡಮ್ಮ, ನಮ್ಮೋನು, ನಾಳೆ ಮಠದಲ್ಲಿ ಮುಖ ನೋಡಬೇಕಲ್ಲ.

"ನಮ್ಮೋನು ಅಂತ್ಲೇ ಕಣೋ ಹೋಗ್ತಿರೋದು," ಎಂದಳು ತೀರ್ಥಮ್ಮ.

ಅತ್ತೆ ಸೊಸೆ ಕಡೂರು ತಲುಪಿದಾಗ ವಿಶ್ವಾರಾಧ್ಯ ತೀರ್ಥಮ್ಮನ ಕಾಲು ಮುಟ್ಟಿದ, ಕುರ್ಚಿ ಹಾಕಿಸಿದ, ಟೀ ತರಿಸಿದ. ಅವಳು ಟೀ ಮುಟ್ಟಲಿಲ್ಲ. ಮದುವೆ ಮುಗಿದ ಮನೆಯಲ್ಲಿ ತನ್ನ ಪಾತ್ರೆ ಹುಡುಕುವವಳ ಹಾಗೆ ಗೋಡೆಯ ಉದ್ದಕ್ಕೂ ಇದ್ದ ಸಾಮಾನುಗಳನ್ನು ಒಂದೊಂದಾಗಿ ತಿರುವುತ್ತ ನಡೆದಳು. ಬಿಳಿ ಓಮ್ನಿಯೊಂದು ಬಿಚ್ಚಿಕೊಂಡು ನಿಂತಿತ್ತು. ಅದರ ಯಜಮಾನ, ಸಖರಾಯಪಟ್ಟಣದವನು, ಪಕ್ಕದಲ್ಲೇ ಪೇಪರು ಓದುತ್ತಿದ್ದ. ಗಾಡಿಯ ಪಕ್ಕ ಗೋಣಿತಾಟಿನ ಮೇಲೆ ಜೋಡಿಸಲು ತಯಾರಾಗಿದ್ದ ಒಂದು ಹೆಡ್ಡು. ಸಂಗೀತಾ ಅದನ್ನು ಮಗುಚಿದಳು. ಪಕ್ಕದಲ್ಲಿ ಎಮರಿ ಕಾಗದದಿಂದ ಉಜ್ಜಿದ ಹೊಸ ಹೊಳಪು. ಆ ಹೊಳಪಿನ ಅಂಚಿನಲ್ಲಿ, ಉಜ್ಜಿದವನಿಗೆ ಬೇಸರವಾಗಿತ್ತೋ ಏನೋ, "ಮ್ಮ, ಅಜ್ಜಂಪುರ" ಹಾಗೇ ಉಳಿದಿತ್ತು.

ಅದು ಯಾರದೋ ಬೇರೆಯವರದು ಎಂದು ವಿಶ್ವಾರಾಧ್ಯ ಶುರುಮಾಡಿದ.

"ಅಜ್ಜಂಪುರದಲ್ಲಿ ಇಂಜಿನ್ನಿಗೆ ಹೆಸ್ರು ಹಾಕ್ಸಿರೋ ಹುಚ್ಚಿ ನಾನೊಬ್ಳೇ ಕಣಪ್ಪ," ಎಂದಳು ತೀರ್ಥಮ್ಮ. ಅವಳ ದನಿ ಏರಲಿಲ್ಲ. "ಹೆಸ್ರು ಕಾಣ್ಲಿಲ್ಲ ಅಂದಿದ್ರೆ ನಂಬ್ತಿದ್ದೆ. ನೀನು ನನ್ ಹೆಸ್ರು ಓದಿ ಉಜ್ಜಿದ್ದೀಯ."

ಆಗ ಅವನ ಮಾತು ಬೇರೆ ದಾರಿ ಹಿಡಿಯಿತು. ಕೆಲಸದವರು ಅದಲುಬದಲು ಮಾಡಿದ್ದಾರೆ. ತಾನೇ ಈಗಲೇ ಪುಕ್ಕಟೆ ಜೋಡಿಸಿಕೊಡುತ್ತೇನೆ. ಮನೆಯ ಮಾತು, ಮಠದವರೆಗೂ ಹೋಗುವುದು ಬೇಡ. ಪೇಪರು ಮಡಿಸಿಟ್ಟು ಎದ್ದ ಸಖರಾಯಪಟ್ಟಣದವನು, ತನಗೆ ಹೊಸ ಹೆಡ್ಡು ಎಂದಿದ್ದೆಯಲ್ಲ ಎಂದು ಕೇಳಿದ. ವಿಶ್ವಾರಾಧ್ಯ ಫೋನು ತೆಗೆದು, ಶಿವಪ್ರಸಾದ್ ಅವರ ಹತ್ತಿರ ಮಾತಾಡುತ್ತೇನೆ ತಾಯಿ ಎಂದ.

ಅಲ್ಲಿಯವರೆಗೆ ತಡೆದುಕೊಂಡಿದ್ದ ಸಂಗೀತಾಳಿಗೆ ಇನ್ನು ಆಗಲಿಲ್ಲ.

"ಅವ್ರ ಹತ್ರ ಏನ್ರೀ ಮಾತು? ಗಾಡಿ ಓಡ್ಸೋಳು ನಾನು. ಓಮ್ನೀಲಿ ಇಂಜಿನ್ ಎಲ್ಲಿರುತ್ತೆ ಅಂತ ನಿಮಗೆ ಹೇಳ್ಕೊಡ್ಬೇಕಾ? ಮುಂದಿನ ಸೀಟಿನ ಕೆಳಗೆ. ಆ ಸೀಟಲ್ಲಿ ಎರಡನೇ ಕ್ಲಾಸಿನ ಹುಡುಗಿ ಕೂರ್ತಾಳೆ. ಬೆಸುಗೆ ಬಿಟ್ಟು ಕುದಿಯೋ ನೀರು ಚಿಮ್ಮಿದ್ರೆ ಅದ್ರ ಕಾಲಿಗೆ. ಗೊತ್ತಿದ್ದೇ ಹಾಕಿ ಕಳ್ಸಿದ್ರಿ. ಅದ್ರ ಮೇಲೆ ನನ್ನ ಕ್ಲಚ್ಚಿಗೆ ಹೆಸರಿಟ್ರಿ."

ಅವಳು ಗೋಣಿತಾಟಿನ ಸಮೇತ ಹೆಡ್ಡನ್ನು ಎತ್ತಿಕೊಂಡು ಹೊರಬಿದ್ದಳು.

ತರೀಕೆರೆ ಬಸ್ಸಿನಲ್ಲಿ ಅದು ಅವಳ ತೊಡೆಯ ಮೇಲಿತ್ತು. ಕಂಡಕ್ಟರು ಲಗೇಜು ಟಿಕೇಟು ಕೇಳಿದ. ತೀರ್ಥಮ್ಮ ಅವನನ್ನು ನೋಡಿದ ರೀತಿಗೆ ಮುಂದಿನ ಸೀಟಿಗೆ ಹೋಗಿಬಿಟ್ಟ. ಬೀರೂರು ದಾಟಿದ ಮೇಲೆ ಅವಳು ಕಿಟಕಿಯ ಕಡೆ ತಿರುಗಿಕೊಂಡೇ ಅಂದಳು: "ನಾನೇ ಕಣೇ ಕಳ್ಸಿದ್ದು ನಿನ್ನ ಅಲ್ಲಿಗೆ." ಸಂಗೀತಾ ಗೋಣಿತಾಟಿನ ಅಂಚು ಸರಿಮಾಡಿಕೊಂಡಳು. ಸಮಾಧಾನ ಮಾಡುವಷ್ಟು ತಣ್ಣಗೆ ಅವಳಿನ್ನೂ ಆಗಿರಲಿಲ್ಲ.

ಓಂಕಾರಮೂರ್ತಿ ಹೆಡ್ಡನ್ನು ನೀರಿನಲ್ಲಿಟ್ಟು ಗಾಳಿ ಹಾಯಿಸಿ ನೋಡಿದ. ಎಲ್ಲೂ ಗುಳ್ಳೆ ಬರಲಿಲ್ಲ. ಲೇತಿನಲ್ಲಿ ಒಂದು ಪದರ ತೆಗೆದರೆ ಸಾಕಿತ್ತು. ಅಷ್ಟಕ್ಕೆ ಹೀಗೆ ಊರೂರು ಸುತ್ತಿದ್ದೀರಲ್ಲ ಎಂದು ಅತ್ತೆ ಸೊಸೆ ಇಬ್ಬರನ್ನೂ ಬೈದ. ಬೆಂಚಿನ ಮೇಲೆ ಪಕ್ಕಪಕ್ಕ ಕುಳಿತು ಇಬ್ಬರೂ ಬೈಸಿಕೊಂಡರು. ಜೋಡಿಸುವ ಮೊದಲು ತೀರ್ಥಮ್ಮ ಹೆಸರು ಕೊರೆದುಕೊಡು ಎಂದಳು. ಇದೇನು ಪಾತ್ರೆ ಅಂಗಡಿಯೇ ಎಂದು ಗೊಣಗುತ್ತಲೇ ಅವನು ಕೊರೆಯುವ ಮಿಷನ್ನು ತಂದ. ಉಜ್ಜಿ ಅಳಿಸಿದ್ದ ಜಾಗವನ್ನು ತೀರ್ಥಮ್ಮ ಬೆರಳಿಂದ ತೋರಿಸಿ, "ಸಂಗೀತಾ ಅಂತ ಹಾಕಪ್ಪ. ಓಡ್ಸೋಳು ಅವ್ಳು" ಎಂದಳು.

ಶಾಲೆ ಬಾಗಿಲು ತೆಗೆದ ದಿನ ಓಮ್ನಿ ಹಟ್ಟಿಯ ತಿರುವಿನಲ್ಲಿ ನಿಂತಾಗ ಆ ಇಬ್ಬರು ಹುಡುಗಿಯರು ಹೊಸ ರಿಬ್ಬನ್ನು ಕಟ್ಟಿಕೊಂಡು ಕಾಯುತ್ತಿದ್ದರು. ಕಾವಿನ ಮುಳ್ಳು ಅಲ್ಲಾಡಲಿಲ್ಲ.

ಮರುವಾರ ವಿಶ್ವಾರಾಧ್ಯ ಫೋನು ಮಾಡಿದ, ಈ ಸಲ ಅವಳಿಗೇ. ಆ ಹಳೇ ಬೆಸುಗೆಯ ಹೆಡ್ಡು ತನ್ನದು, ವಾಪಸ್ಸು ಕಳುಹಿಸಬೇಕು ಎಂದ. ಕಳುಹಿಸಿದರೆ ಅದು ಇನ್ಯಾರ ಸೀಟಿನ ಕೆಳಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದು ಅವರ ಮನೆಯ ಜಗಲಿಯ ಮೇಲೆ, ಬೀದಿಗೆ ಕಾಣುವ ಹಾಗೆ ಕುಳಿತಿತ್ತು. ಹೋಗಿಬರುವವರು ಇದೇನಿದು ತೀರ್ಥಮ್ಮ ಎಂದು ಕೇಳುತ್ತಿದ್ದರು. ಮಠಕ್ಕೆ ಹೋಗಿ ಹೇಳಲು ಮುದುಕಿಗೆ ಮನಸ್ಸಿರಲಿಲ್ಲ. ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ಊರು, ಹೆಸರು, ಗ್ಯಾರೇಜಿನ ಗುರುತು ಸಮೇತ, ಒಂದನ್ನೂ ಉಜ್ಜದೆ ಹೇಳುತ್ತಿದ್ದಳು.

"ಬೇಕಾದ್ರೆ ನೀವೇ ಬಂದು ತಗೊಂಡು ಹೋಗಿ," ಎಂದಳು ಸಂಗೀತಾ. "ಅತ್ತೆ ಜಗಲಿ ಮೇಲೇ ಕೂತಿರ್ತಾರೆ."

ಅವನು ಇನ್ನೂ ಬಂದಿಲ್ಲ.