ಎಣ್ಣೆ ಹಚ್ಚಿದ ಮಂಡಿ, ಹಸಿರಾದ ಕೊಳ

ಹೇರೋಹಳ್ಳಿಯ ಚನ್ನಕೇಶವ ಮೊಮ್ಮಕ್ಕಳಿಗೆಂದು ಹಿತ್ತಲಲ್ಲಿ ಪುಟ್ಟ ಈಜುಕೊಳ ಕಟ್ಟಿಸಿದ್ದರು. ಮೂವತ್ತು ಸಾವಿರ ಲೀಟರಿನದು. ಆದರೆ ದಿನವೂ ಅದಕ್ಕೆ ಇಳಿಯುತ್ತಿದ್ದವರು ಅವರ ಹೆಂಡತಿ ಅಕ್ಕಯ್ಯಮ್ಮ. ಮಂಡಿ ಸವೆದಿದೆ, ನೀರಿನಲ್ಲಿ ನಡೆಯಿರಿ ಎಂದು ಡಾಕ್ಟರ್ ಹೇಳಿದ್ದರು. ನೆಲದ ಮೇಲೆ ಹತ್ತು ಹೆಜ್ಜೆಗೊಮ್ಮೆ ಗೋಡೆ ಹಿಡಿಯುವ ಅಕ್ಕಯ್ಯಮ್ಮ, ಎದೆಮಟ್ಟದ ನೀರಿನಲ್ಲಿ ಹುಡುಗಿಯಂತೆ ನಡೆಯುತ್ತಿದ್ದರು.

"ಮೈ ಭಾರಾನೆಲ್ಲ ಯಾರೋ ಇಸ್ಕೊಂಡಂಗಾಗುತ್ತೆ ಕಣೇ," ಎನ್ನುತ್ತಿದ್ದರು ತಮ್ಮ ಬಾಡಿಗೆ ಮನೆಯಲ್ಲಿದ್ದ ಶೋಭಾರಾಣಿಗೆ.

ಈಗ ಆ ಕೊಳಕ್ಕೇ ಕುತ್ತು ಬಂದಿತ್ತು. ನೀರು ಹಸಿರಾಗಿತ್ತು. ಕಣ್ಣು ಉರಿಯುತ್ತಿತ್ತು, ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಎರಡು ಸಲ ನೀರೆಲ್ಲ ಚರಂಡಿಗೆ ಬಿಟ್ಟು ಟ್ಯಾಂಕರ್ ತರಿಸಿದರೂ ಹದಿನೈದೇ ದಿನಕ್ಕೆ ಅದೇ ಪಾಡು.

"ಸೋಮವಾರ ದುಂಡಪ್ಪ ಟ್ರ್ಯಾಕ್ಟರಲ್ಲಿ ಮಣ್ಣು ತರ್ತಾನೆ. ಮುಚ್ಚಿಸ್ಬಿಡ್ತೀನಿ, ಕಾರಾದ್ರೂ ನಿಲ್ಲುತ್ತೆ," ಎಂದರು ಚನ್ನಕೇಶವ.

ಅಕ್ಕಯ್ಯಮ್ಮ ಮಂಡಿ ಸವರಿಕೊಂಡರು.

ಶೋಭಾರಾಣಿಗೆ ಬಸವೇಶ್ವರನಗರದ ಈಜು ತರಬೇತಿ ಕೇಂದ್ರವೊಂದರಲ್ಲಿ ಕೊಳದ ನೀರು ನೋಡಿಕೊಳ್ಳುವ ಕೆಲಸ. ಶುಕ್ರವಾರ ಬೆಳಿಗ್ಗೆ ಅವರು ನೀರು ಪರೀಕ್ಷಿಸುವ ಕಾಗದದ ಪಟ್ಟಿಗಳ ಡಬ್ಬಿ ಹಿಡಿದು ಬಂದರು.

"ಸಾರ್, ಕ್ಲೋರಿನ್ ಮಾತ್ರೆ ಎಷ್ಟು ಹಾಕ್ತೀರಾ?"

"ವಾಸನೆ ಬಂದ್ರೆ ಎರಡು, ಹಸಿರು ಕಂಡ್ರೆ ನಾಲ್ಕು. ಬಾವಿ ನೀರು ಕುಡಿದು ಬೆಳೆದೋರಮ್ಮ ನಾವು. ನಮ್ಗೇ ನೀರಿನ ಪಾಠನಾ?"

"ಬಾವೀಲಿ ಒರತೆ ಇತ್ತು, ಹೊಸ ನೀರು ಬರ್ತಿತ್ತು. ಇದು ದೊಡ್ಡ ಹಂಡೆ ಅಷ್ಟೇ ಸಾರ್. ಒಳಗೆ ಬಿದ್ದಿದ್ದೆಲ್ಲ ಇಲ್ಲೇ ಇರುತ್ತೆ."

ಕಾಗದದ ಪಟ್ಟಿಯನ್ನು ಅದ್ದಿ ತೆಗೆದು, ಡಬ್ಬಿಯ ಮೇಲಿನ ಬಣ್ಣಗಳ ಪಕ್ಕ ಹಿಡಿದರು.

"ಪಿಎಚ್ ಅಂದ್ರೆ ನೀರಿನ ಹುಳಿ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ. ಅದು ಏಳೂಕಾಲಿಂದ ಏಳೂಮುಕ್ಕಾಲು ಇರ್ಬೇಕು. ಇಲ್ಲಿ ಆರೂಮುಕ್ಕಾಲು. ಈ ಮಾತ್ರೆ ಜಾಸ್ತಿ ಬಿದ್ರೆ ನೀರು ಹುಳಿಯಾಗುತ್ತೆ. ಅದಕ್ಕೇ ಕಣ್ಣುರಿ. ಕೆಲಸಕ್ಕೆ ಬರೋ ಕ್ಲೋರಿನ್ ಮಾತ್ರ ಸೊನ್ನೆ, ಅದಕ್ಕೇ ಹಸಿರು ಪಾಚಿ."

"ಇಷ್ಟು ವಾಸನೆ ಬರ್ತಿದೆ, ಸೊನ್ನೆ ಹೆಂಗಮ್ಮ?"

"ವಾಸನೆ ಬಂತು ಅಂದ್ರೆ ಕ್ಲೋರಿನ್ ಕೊಳೆ ಜೊತೆ ಬಡಿದಾಡಿ ಸೋತಿದೆ ಅಂತ." ಶೋಭಾರಾಣಿ ಕೊಳದ ಅಂಚು ಸವರಿದರು. ಬೆರಳಿಗೆ ಜಿಡ್ಡು ಅಂಟಿತು. "ಎಣ್ಣೆ! ಎಲ್ಲಿಂದ ಬಂತು?"

ಅಕ್ಕಯ್ಯಮ್ಮ ತಲೆ ತಗ್ಗಿಸಿದರು. "ದಿನಾ ಮಂಡಿಗೆ ಹರಳೆಣ್ಣೆ ತಿಕ್ಕೊಂಡೇ ಇಳಿಯೋದು ಕಣೇ. ತಲೆಗೂ ಒಂಚೂರು."

"ನೋಡ್ದ್ಯಾ, ಕೊಳಾನ ಬೋಂಡಾ ಬಾಣಲೆ ಮಾಡಿದಾಳೆ!" ಎಂದು ನಕ್ಕರು ಚನ್ನಕೇಶವ.

"ಹುಳಿ ಹಿಂಡಿದ್ದು ನೀವಲ್ವಾ!" ಎಂದರು ಅಕ್ಕಯ್ಯಮ್ಮ.

ಶೋಭಾರಾಣಿಗೂ ನಗು ತಡೆಯಲಾಗಲಿಲ್ಲ. "ಹುಳಿ ಇಳಿಸೋಕೆ ಒಂದೂವರೆ ಕೆಜಿ ಅಡುಗೆ ಸೋಡಾ ತರ್ಸಿ ಸಾರ್."

"ಅಷ್ಟೇನಾ? ಇಡ್ಲಿ ಹಿಟ್ಟಿಗೆ ಹಾಕೋ ಸೋಡಾ?"

"ಅದೇ. ನಿಮ್ ಕೊಳದ ಲೆಕ್ಕಕ್ಕೆ ಇಷ್ಟು. ಇವತ್ತು ಅರ್ಧ, ನಾಳೆ ಪರೀಕ್ಷೆ ಮಾಡಿ ಇನ್ನರ್ಧ."

ಮೇಲಿನ ಜಿಡ್ಡನ್ನು ಬಟ್ಟೆಯಿಂದ ಎತ್ತಿದರು. ಗೋಡೆ ಉಜ್ಜಿದರು. ಸೋಡಾ ಸುತ್ತಲೂ ಉದುರಿಸಿ, ನೀರು ಸೋಸುವ ಪಂಪ್ ಓಡಿಸಿದರು. ಪಿಎಚ್ ಸರಿಹೋದ ಮೇಲೆ, ಶನಿವಾರ ಸಂಜೆ, ಅಳತೆಯಷ್ಟೇ ಕ್ಲೋರಿನ್. ಬಿಸಿಲಿಗೆ ಕ್ಲೋರಿನ್ ಬೇಗ ಹಾರಿಹೋಗುತ್ತದೆ, ಅದಕ್ಕೆ ಸಂಜೆಯೇ ಒಳ್ಳೆಯದು.

ಸೋಮವಾರ ಬೆಳಿಗ್ಗೆ ಚನ್ನಕೇಶವ ಕೊಳದ ಬಳಿ ಹೋದವರು ಅಲ್ಲೇ ನಿಂತುಬಿಟ್ಟರು. ನೀರಿದೆಯೋ ಇಲ್ಲವೋ ಎನ್ನುವಷ್ಟು ತಿಳಿ. ತಳದ ಟೈಲ್ಸಿನ ಒಂದೊಂದು ಗೆರೆಯೂ ಕಾಣುತ್ತಿತ್ತು. ಬೊಗಸೆಯಲ್ಲಿ ಎತ್ತಿ ಮೂಸಿದರು. ಘಾಟಿಲ್ಲ.

ಶೋಭಾರಾಣಿ ಪಟ್ಟಿ ಅದ್ದಿ ನೋಡಿ, "ಎಲ್ಲ ಸರಿಯಾಗಿದೆ, ಇಳೀರಿ ಅಮ್ಮ," ಎಂದರು.

ಅಕ್ಕಯ್ಯಮ್ಮ ಸೋಪು ಹಚ್ಚಿ ಮೈ ತೊಳೆದುಕೊಂಡು ಇಳಿದರು. "ಅಯ್ಯೋ, ನನ್ ಕಾಲ್ಬೆರಳು ಕಾಣ್ತಿದೆ ಕಣ್ರೀ!" ಒಂದು ಸುತ್ತು, ಎರಡು, ಐದು. ಗೋಡೆ ಮುಟ್ಟಲೇ ಇಲ್ಲ.

ಚನ್ನಕೇಶವ ಕಣ್ಣು ಮಿಟುಕಿಸದೆ ನೋಡುತ್ತಲೇ ಫೋನ್ ತೆಗೆದರು. "ದುಂಡಪ್ಪ, ಮಣ್ಣು ಬೇಡ ಕಣೋ. ನಮ್ಮನೆಯವಳು ನಡೀತಾವ್ಳೆ."

ನಿಮ್ಮ ಮನೆಯಲ್ಲೂ ಕೊಳವಿದ್ದರೆ ನೀರು ಚೆಲ್ಲುವ ಮೊದಲು ಒಮ್ಮೆ ಪರೀಕ್ಷಿಸಿ. ವಾರಕ್ಕೆರಡು ಪಟ್ಟಿ ಸಾಕು. ಪಿಎಚ್ ಇಳಿದಿದ್ದರೆ ಮಾತ್ರ ಸೋಡಾ ಹಾಕಿ, ಏರಿದ್ದರೆ ಬೇಡ. ಕೊಳಕ್ಕೆ ಹಾಕುವ ಒಂದು ರಾಸಾಯನಿಕಕ್ಕೆ ಇನ್ನೊಂದನ್ನು ಬೆರೆಸಲೇಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಮೈ ತೊಳೆದು ಇಳಿಯಿರಿ. ಎಣ್ಣೆ ಹಚ್ಚುವುದಿದ್ದರೆ ಮೇಲೆ ಬಂದ ಮೇಲೆ ಹಚ್ಚಿಕೊಳ್ಳಿ. ಟ್ಯಾಂಕರ್‌ಗೆ ಕಾಯುವ ಈ ಊರಲ್ಲಿ ಮೂವತ್ತು ಸಾವಿರ ಲೀಟರ್ ಉಳಿಸುವುದು ನಿಮ್ಮ ಕೈಯಲ್ಲೇ ಇದೆ.